ನಲ್ಲಿ ಬಂದ ದಿನ ಸಾಯುವ ಫೋನು

ನಮ್ಮ ಓಣಿಯಲ್ಲಿ ಈ ಕತೆ ಹೇಳುವವರೆಲ್ಲ ಒಂದೇ ರೀತಿ ಹೇಳುತ್ತಾರೆ. ಇಂಟರ್ನೆಟ್ ಫೋನು ಕೆಟ್ಟಿತ್ತಂತೆ, ಓದಿದವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ, ಕಣ್ಣಿಲ್ಲದ ದೊಡ್ಡಪ್ಪ ರಿಸೀವರ್ ಎತ್ತಿ ಕಿವಿಗೆ ಹಚ್ಚಿದನಂತೆ, ಅಷ್ಟೇ, ರೋಗ ಸಿಕ್ಕಿತಂತೆ. ಕೊನೆಗೆ, "ದೇವ್ರು ಕಣ್ಣು ಕಿತ್ಗೊಂಡು ಅವನಿಗೆ ಎಂಥಾ ಕಿವಿ ಕೊಟ್ಟಾನ ನೋಡು" ಅಂತ ಒಂದು ಉಸಿರು ಬಿಡುತ್ತಾರೆ.

ಕೇಳಲಿಕ್ಕೆ ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ದೊಡ್ಡಪ್ಪನ ಎಡಗಿವಿ ಮಂದ. ಹೋದ ವರ್ಷ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ವಯಸ್ಸಿಗೆ ತಕ್ಕ ಕಿವಿ, ವಿಶೇಷ ಏನಿಲ್ಲ ಅಂದರು ಅವರು. ಕಿವಿಗೆ ಹಚ್ಚಿದ ಕೂಡಲೇ ರೋಗ ಸಿಕ್ಕಿತು ಅನ್ನುವುದೂ ಸುಳ್ಳು, ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಕತೆಯಿಂದ ತೆಗೆದುಹಾಕಿದರೆ ಹೊಗಳಿಕೆಯೆಲ್ಲ ದೇವರಿಗೆ ಹೋಗುತ್ತದೆ, ದೊಡ್ಡಪ್ಪನಿಗೆ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ, ಬಹುಶಃ ಅವರಿಗೆ ಗೊತ್ತೇ ಇಲ್ಲ: ಫೋನು ಕೆಡಲು ಕಾರಣ ನಾನು.

ದೊಡ್ಡಪ್ಪ ನಮ್ಮಪ್ಪನ ಅಣ್ಣ. ಐದನೇ ವಯಸ್ಸಿಗೆ ದಡಾರ ಬಂದು ಕಣ್ಣು ಹೋದವು. ತೆಲುಗು ಸೀಮೆಯ ನಮ್ಮ ಆದೋನಿಯಲ್ಲಿ, ಬಸ್ ಸ್ಟ್ಯಾಂಡಿನ ಎದುರು, ಇಪ್ಪತ್ತೆರಡು ವರ್ಷ ಎಸ್‌ಟಿಡಿ ಬೂತ್ ನಡೆಸಿದ. ಗಾಜಿನ ಬಾಗಿಲು, ಒಳಗೊಂದು ಸ್ಟೂಲು, ಹೊರಗೆ ಸಾಲು. ಇವತ್ತಿಗೂ ಅವನನ್ನು ಯಾವುದಾದರೂ ನಂಬರು ಕೇಳಿದರೆ ಮೊದಲು ಬೆರಳು ಗಾಳಿಯಲ್ಲಿ ಓಡಾಡುತ್ತವೆ, ಬಾಯಿ ಆಮೇಲೆ ಹಿಂದಿನಿಂದ ಬರುತ್ತದೆ. ಎಲ್ಲರ ಕೈಗೂ ಮೊಬೈಲ್ ಬಂದು ಬೂತ್ ಮುಚ್ಚಿದ ಮೇಲೆ ಅದೇ ನಂಬರನ್ನು, ಅದೇ ಫೋನನ್ನು ಮನೆಗೆ ತಂದ. ಹೊರಗಿನ ಲೈನು ಮನೆಯ ತಂತಿಗೆ ಕೂಡುವ ಡಬ್ಬಿಯನ್ನು ಬಾಗಿಲ ಮೇಲೆ ಹಚ್ಚಿ, ಗೋಡೆ ತಡವುತ್ತ ಮೊಳೆ ಹೊಡೆದು ಒಳಗಿನ ತಂತಿಯನ್ನೆಲ್ಲ ತಾನೇ ಎಳೆದ. ಪಡಸಾಲೆಯಲ್ಲಿ ಅವನ ಕುರ್ಚಿ ಪಕ್ಕ ಒಂದು ಫೋನು, ಅಡುಗೆಮನೆಯಲ್ಲಿ ಒಂದು, ಮಾಳಿಗೆ ಕೋಣೆಯಲ್ಲಿ ಒಂದು. ಬೂತಿನ ಆ ಹಳೇ ಫೋನಿನಲ್ಲಿ ಬೆರಳಿಗೆ ಗುರುತು ಸಿಗಲೆಂದು ಐದನೇ ನಂಬರಿನ ಗುಂಡಿಯ ಮೇಲೆ ಇಟ್ಟ ಗುಳ್ಳೆ ಸವೆದು ಸವೆದು ಈಗ ಅವನ ಬೆರಳಿಗೆ ಮಾತ್ರ ಗೊತ್ತಾಗುತ್ತದೆ, ನನ್ನ ಬೆರಳಿಗೆ ಏನೂ ಸಿಗುವುದಿಲ್ಲ.

ಬೂತ್ ಇಲ್ಲದಿದ್ದರೂ ಕೆಲಸ ನಿಲ್ಲಲಿಲ್ಲ. ಚಿಪ್ಪಗಿರಿ, ಮದ್ದಿಕೇರ, ದೇವನಕೊಂಡದ ಕಡೆಯ ಜನ ಬೆಳಗ್ಗೆ ಆಟೋ ಹತ್ತುವ ಮುಂಚೆ ಅವನಿಗೆ ಫೋನ್ ಮಾಡುತ್ತಾರೆ. ಕಣ್ಣಿನ ಡಾಕ್ಟರು ಇವತ್ತು ಕೂರುತ್ತಾರಾ? ಹತ್ತಿ ಮಾರ್ಕೆಟ್ಟು ಇದೆಯಾ, ರಜಾನಾ? ರಿಜಿಸ್ಟ್ರಾರ್ ಆಫೀಸಿನಲ್ಲಿ ಸರ್ವರ್ ಎದ್ದಿದೆಯಾ? ದೊಡ್ಡಪ್ಪ ಇಟ್ಟುಬಿಡು ಅನ್ನುತ್ತಾನೆ, ತಾನು ಎರಡು ಕಡೆ ಫೋನು ತಿರುಗಿಸಿ ವಿಚಾರಿಸುತ್ತಾನೆ, ಅವರು ಮತ್ತೆ ಮಾಡಿದಾಗ ಬಾ ಅಥವಾ ಬರಬ್ಯಾಡ ಅನ್ನುತ್ತಾನೆ. ಏಳರಿಂದ ಹತ್ತರ ತನಕ ಅವನ ಹೊತ್ತು. ಬರಬ್ಯಾಡ ಅನ್ನುವ ಒಂದು ಮಾತು ಕೇಳಿದವರಿಗೆ ಒಂದು ದಿನದ ಕೂಲಿ ಉಳಿದ ಹಾಗೆ.

ಎರಡು ವರ್ಷದ ಕೆಳಗೆ ರಸ್ತೆ ಅಗೆದು ಕೇಬಲ್ ತುಂಡಾಯಿತು. ತಾಮ್ರದ ತಂತಿ ಇನ್ನು ಜೋಡಿಸುವುದಿಲ್ಲ, ನಿಮ್ಮ ಓಣಿಗೆ ಫೈಬರ್ ಬಂದಾಗ ಇದೇ ನಂಬರು ಕೊಡುತ್ತೇವೆ ಅಂದರು. ಒಂದು ವರ್ಷದ ಮೇಲಾಯಿತು, ಬರಲಿಲ್ಲ. ನನ್ನ ಹಳೇ ಮೊಬೈಲನ್ನು ದೊಡ್ಡಪ್ಪನಿಗೆ ಕೊಟ್ಟು, ಮುಟ್ಟಿದ್ದನ್ನೆಲ್ಲ ಓದಿ ಹೇಳುವ ಸೌಲಭ್ಯ ಹಾಕಿ, ಕಲಿಸಿದೆ. ಕಲಿತ. ಆದರೆ ಆ ನಂಬರು ಯಾರಿಗೂ ಗೊತ್ತಿರಲಿಲ್ಲ. ಏಳರಿಂದ ಹತ್ತರ ತನಕ ಕುರ್ಚಿಯಲ್ಲಿ ಕೂತೇ ಇರುತ್ತಿದ್ದ, ಗಂಟೆ ಹತ್ತಾದ ಮೇಲೆ ಎದ್ದು ಹೋಗಿ ಸ್ನಾನ ಮಾಡುತ್ತಿದ್ದ.

ಕೊನೆಗೂ ಫೈಬರ್ ಬಂತು. ಮನೆಯಲ್ಲಿ ಒಂದು ಚರ್ಚೆಯೇ ಆಯಿತು. ನಾನು ಕಾಲೇಜಿನಲ್ಲಿ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಡಿಬೇಟ್ ಮಾಡಿ ಕಪ್ ತಂದವಳು. ಮನೆಯಲ್ಲಿ ಕನ್ನಡದಲ್ಲಿ ಮಾಡುತ್ತೇನೆ. ಮೊಬೈಲಿಗೆ ಇಂಟರ್ನೆಟ್ ಸಾಕು, ಹಳೇ ನಂಬರನ್ನು ಬಿಟ್ಟುಬಿಡೋಣ ಅನ್ನುವುದು ನನ್ನ ವಾದ. ನ್ಯಾಯಾಧೀಶರು ಅಪ್ಪ.

"ಡಾಕ್ಟರ್ ಇದ್ದಾರೋ ಇಲ್ಲೋ ಅಂತ ನೆಟ್‌ನಾಗ ಬರ್ತೈತಿ ದೊಡ್ಡಪ್ಪಾ. ಈಗ ಯಾರೂ ಯಾರನ್ನೂ ಕೇಳಂಗಿಲ್ಲ."

"ಹೌದಾ. ಈಗ ನೋಡು ನೋಡಾಣ, ಕಣ್ಣಿನ ಡಾಕ್ಟರ್ ಅದಾನೇನು?"

ನೋಡಿದೆ. ಆಸ್ಪತ್ರೆ ತೆರೆದಿದೆ ಅಂತ ಹಸಿರು ಅಕ್ಷರದಲ್ಲಿತ್ತು. ದೊಡ್ಡಪ್ಪ ಮೊಬೈಲ್ ಎತ್ತಿ ಕಾಂಪೌಂಡರಿಗೆ ಮಾಡಿದ, ಸ್ಪೀಕರ್ ಹಾಕಿದ. ಆ ಕಡೆಯಿಂದ, "ಅಯ್ಯೋ ಲೇದನ್ನಾ, ಸಾರು ಮಗಳ ನಿಶ್ಚಿತಾರ್ಥ ಅಂತ ಕರ್ನೂಲಿಗೆ ಹೋಗ್ಯಾರ. ಎಲ್ಲಿ ಕಳದೋಗಿದ್ದಿ ವರ್ಷಾತು? ನಿನ್ನ ಫೋನಿಲ್ದ ಜನ ಸುಮ್ಮನ ಬಂದು ನನ್ನ ಬೈತಾರ."

ಅಪ್ಪ ನನ್ನ ಮುಖ ನೋಡಿದರು. "ಬೇರೆ ಪಾಯಿಂಟ್ ಐತೇನಮ್ಮಾ?" ಇತ್ತು, ಇನ್ನೂ ನಾಲ್ಕಿತ್ತು, ಆದರೆ ಅವರು ಕೇಳಲಿಲ್ಲ.

ಫೈಬರ್ ಹಾಕಿದಾತ ನಮ್ಮ ಊರಿನ ಕೇಬಲ್ ಟಿವಿಯವನು. ಗೋಡೆಗೆ ಒಂದು ಮೋಡೆಮ್ ಕೂರಿಸಿದ, ಹಳೇ ಫೋನನ್ನು ಅದಕ್ಕೆ ಜೋಡಿಸಲು, ಪಕ್ಕದಲ್ಲಿ ಇಡಲಿಕ್ಕೆ, ನಶ್ಯದ ಡಬ್ಬಿಯಷ್ಟೇ ಇರುವ ಒಂದು ಅಡಾಪ್ಟರ್ ಕೊಟ್ಟ. ಪ್ಲಗ್ ಪಾಯಿಂಟ್ ಇದ್ದದ್ದು ನನ್ನ ಕಪ್ಪುಗಳ ಶೆಲ್ಫಿನ ಹಿಂದೆ, ಹಾಗಾಗಿ ಅಡಾಪ್ಟರ್ ಎರಡು ಕಪ್ಪುಗಳ ನಡುವೆ ಕೂತಿತು. "ನಿಮ್ಮ ಮನೆ ವೈರಿಂಗನ್ನ ಇದಕ್ಕ ಕೊಟ್ರ ಮೂರೂ ಫೋನು ಬರ್ತಾವ, ಕಾಗದದಾಗ ಬರದೈತಿ, ಮೇಡಮ್ಮು ಓದ್ಕೊಂತಾರ" ಅಂತ ಹೇಳಿ ಇನ್ನೊಂದು ಮನೆಗೆ ಹೋದ.

ಮೇಡಮ್ಮು ಓದಿದಳು. ದೊಡ್ಡಪ್ಪ ಕುರ್ಚಿಯಲ್ಲಿ, ಅಪ್ಪ ಬಾಗಿಲಲ್ಲಿ, ಅಜ್ಜಿ ಅಂಗಳದಲ್ಲಿ. ಕಾಗದದ ಮೊದಲನೇ ಸಾಲು, ದಪ್ಪಕ್ಷರದಲ್ಲಿ: ಮನೆಯ ತಂತಿಯನ್ನು ಅಡಾಪ್ಟರಿಗೆ ಜೋಡಿಸುವ ಮುಂಚೆ, ಹೊರಗಿನ ಕಂಬದಿಂದ ಬರುವ ಹಳೇ ಲೈನನ್ನು ಬಿಚ್ಚಿ ಬೇರೆ ಮಾಡಬೇಕು.

ಓದಿ ಹೇಳಿ, ನಾನೇ ತೀರ್ಪನ್ನೂ ಕೊಟ್ಟೆ. "ಇದು ಲೈನ್ ಜೀವಂತ ಇದ್ದೋರಿಗೆ. ಅದರಾಗ ಕರೆಂಟ್ ಬರ್ತಿದ್ರ ಅಡಾಪ್ಟರ್ ಸುಡ್ತೈತಿ ಅಂತ ಬರದಾರ. ನಮ್ಮದು ಸತ್ತು ವರ್ಷ ಆತು. ಸತ್ತ ತಂತಿ ಏನ್ ಮಾಡ್ತೈತಿ? ಬಿಚ್ಚೋದ್ಯಾಕ?"

ಅಪ್ಪ ತಲೆಯಾಡಿಸಿದರು. ದೊಡ್ಡಪ್ಪ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ ಅಂಗಳದಿಂದ, "ಆ ತಂತಿಗೆ ಕೈ ಹಚ್ಚಬ್ಯಾಡ್ರಿ ಯಾರೂ" ಅಂದಳು. ಅವಳಿಗೆ ಅವಳದೇ ಕಾರಣವಿತ್ತು. ಕಂಬದಿಂದ ನಮ್ಮ ಬಾಗಿಲ ಮೇಲಿನ ಡಬ್ಬಿಗೆ ಬರುವ ಆ ಕರೀ ತಂತಿ ಜೋತು ಬಿದ್ದು ಅಂಗಳದ ಮೇಲೆ ಕೈಗೆಟಕುವಷ್ಟು ಕೆಳಗಿತ್ತು. ಲೈನು ಸತ್ತ ವಾರವೇ ಅವಳು ಅದನ್ನು ಬಟ್ಟೆ ಒಣಗಿಸಲು ಹಿಡಿದುಕೊಂಡಿದ್ದಳು. ಕಬ್ಬಿಣದ ತಂತಿಯ ಹಾಗೆ ತುಕ್ಕಿನ ಕಲೆ ಹತ್ತುವುದಿಲ್ಲ, ಗಾಳಿಗೆ ಸೀರೆ ಜಾರುವುದಿಲ್ಲ. ಇಷ್ಟು ಒಳ್ಳೇ ತಂತಿಯನ್ನು ಇಷ್ಟು ದಿನ ಮಾತಾಡಲು ಹಾಳು ಮಾಡಿದರು ಅನ್ನುವುದು ಅವಳ ಅಭಿಪ್ರಾಯ.

ಮನೆಯ ತಂತಿಯ ತುದಿಯನ್ನು ಅಡಾಪ್ಟರಿಗೆ ಚುಚ್ಚಿದೆ. ಮಧ್ಯಾಹ್ನ ಎರಡು ಗಂಟೆ. ನನ್ನ ಮೊಬೈಲಿನಿಂದ ಆ ಹಳೇ ನಂಬರಿಗೆ ಮಾಡಿದೆ. ಪಡಸಾಲೆ, ಅಡುಗೆಮನೆ, ಮಾಳಿಗೆ, ಮೂರೂ ಕಡೆ ಒಟ್ಟಿಗೆ ಗಂಟೆ ಬಾರಿಸಿತು. ದೊಡ್ಡಪ್ಪ ರಿಸೀವರ್ ಎತ್ತಿ, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ ನನಗೆ, "ಹಲೋ, ಯಾರು?" ಅಂದ.

"ನಾನು, ಲ್ಯಾಂಡ್‌ಲೈನ್ ಬ್ಯಾಡ ಅಂದಾಕಿ."

"ರಾಂಗ್ ನಂಬರ್" ಅಂತ ಇಟ್ಟುಬಿಟ್ಟ.

ಮಾರನೇ ದಿನ ಬೆಳಗ್ಗೆ ಫೋನು ಸತ್ತಿತು. ಯಾರಾದರೂ ಮಾಡಿದರೆ ಎಂಗೇಜ್, ರಿಸೀವರ್ ಎತ್ತಿದರೆ ಕೊಡ ತುಂಬುವ ಹಾಗೆ ಗುರ್ ಅನ್ನುವ ಸದ್ದು. ಮಧ್ಯಾಹ್ನದ ಹೊತ್ತಿಗೆ ತಾನೇ ಬದುಕಿತು. ಅದರ ಮರುದಿನ ಇಡೀ ದಿನ ಸರಿಯಾಗಿತ್ತು. ಅದರ ಮರುದಿನ ಬೆಳಗ್ಗೆ ಮತ್ತೆ ಸಾವು. ಮಳೆಗಾಲ ಮುಗಿದು ಮೋಡ ಇನ್ನೂ ಬಿಟ್ಟಿರದ ದಿನಗಳವು. ಕೇಬಲಿನವನು ಬಂದದ್ದು ಸಂಜೆಗೆ, ಅವನು ಬಂದಾಗ ಎಲ್ಲ ಚೆನ್ನಾಗೇ ಇತ್ತು. "ಏಂಟಿ ಮೇಡಂ, ಊರಿಕೇ, ಸುಮ್ಮಸುಮ್ಮನ ಕರೀತೀರಿ ನನ್ನ" ಅಂದು ಹೋದ.

ಐದನೇ ದಿನ ಚಿಪ್ಪಗಿರಿಯಿಂದ ಒಬ್ಬ ಹೆಂಗಸು ನೇರ ಮನೆಗೇ ಬಂದಳು. ಕೂಲಿ ಮಾಡಿ ತಿನ್ನುವಾಕೆ, ಜೊತೆಗೆ ಕಣ್ಣಿಗೆ ಬಟ್ಟೆ ಒತ್ತಿಕೊಂಡ ಅತ್ತೆ. ಫೋನು ಮತ್ತೆ ಬಂದಿದೆ ಅಂತ ಹಿಂದಿನ ದಿನವಷ್ಟೇ ಅವರ ಊರಿನಲ್ಲಿ ಸುದ್ದಿಯಾಗಿತ್ತು.

"ಏನಪ್ಪಾ, ಏಳು ಗಂಟಿಗೆ ಹಚ್ಚೀನಿ, ಎಂಟಕ್ಕೂ ಎಂಗೇಜ್. ಯಾರ ಜೊತಿ ಮಾತಾಡ್ತಿದ್ದಿ ಅಷ್ಟೊತ್ತು? ಈ ವಯಸ್ಸಿನ್ಯಾಗ ಹೆಣ್ಣು ಗಿಣ್ಣು ಗೊತ್ತಾತೇನು?"

"ಗೊತ್ತಾಗಿದ್ರ ನಿನಗ ಮೊದಲ ಹೇಳ್ತಿದ್ದೆ. ಡಾಕ್ಟರ್ ಸಿಕ್ಕನಾ?"

"ಎಲ್ಲಿ ಸಿಕ್ತಾನ. ಇವತ್ತು ರಜಾ ಅಂತ. ನೀ ಎಂಗೇಜ್ ಇದ್ದೀ ಅಂದ್ರ ಇದ್ದೀ, ಇದ್ದೀ ಅಂದ್ರ ಡಾಕ್ಟರೂ ಇರ್ತಾನ ಅನ್ಕೊಂಡು ಈ ಮುದುಕೀನ ಎರಡು ಆಟೋ ಬದಲಿಸಿ ತಂದೀನಿ."

ಅಮ್ಮ ಇಬ್ಬರಿಗೂ ಚಹಾ ಕೊಟ್ಟಳು. ಅವರು ಹೋದ ಮೇಲೆ ದೊಡ್ಡಪ್ಪ ರಿಸೀವರ್ ಎತ್ತಿ ಆ ಗುರ್ ಸದ್ದು ಇನ್ನೊಮ್ಮೆ ಕೇಳಿ ಇಟ್ಟ. ಆಮೇಲೆ ಅಪ್ಪನನ್ನು ಕರೆದ.

"ಇನ್ನೊಂದು ವಾರ ನೋಡಾಣ. ಸರಿ ಹೋಗ್ಲಿಲ್ಲಂದ್ರ ನಂಬರು ವಾಪಸ್ ಕೊಟ್ಬಿಡು. ಇಲ್ಲ ಅಂತ ಗೊತ್ತಿದ್ದಾಗ ಜನ ಬ್ಯಾರೆ ದಾರಿ ನೋಡ್ಕೊಂತಿದ್ರು. ಈಗ ಐತಿ ಅಂತ ನಂಬಿ ಬಂದು ಕೆಡ್ತಾರ. ಅದನ್ನ ನಾ ಮಾಡಂಗಿಲ್ಲ."

ವಾದದಲ್ಲಿ ನಾನು ಕೇಳಿದ್ದೂ ಇದನ್ನೇ. ಈಗ ಗೆದ್ದಂತಾಯಿತು, ಆದರೆ ಅದನ್ನು ಹೇಳಿದ ಅವನ ದನಿ ನನಗೆ ಬೇಕಾಗಿರಲಿಲ್ಲ.

ಅವತ್ತಿನಿಂದ ಅವನು ಲೆಕ್ಕ ಹಿಡಿಯತೊಡಗಿದ. ರಿಸೀವರನ್ನು ಅರ್ಧ ಗಂಟೆಗೊಮ್ಮೆ ಬಲಗಿವಿಗೆ ಹಚ್ಚುತ್ತಾನೆ, ಕೇಳುತ್ತಾನೆ, ಇಡುತ್ತಾನೆ. ಬೂತಿನ ಕಾಲದಲ್ಲಿ ಲೈನು ಕೆಟ್ಟಾಗ ರಿಪೇರಿಯವರಿಗೆ ಹೇಳಲು ಹೀಗೇ ಮಾಡುತ್ತಿದ್ದನಂತೆ: ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಜೋರು, ಯಾವಾಗ ನಿಂತಿತು. ಓಣಿಯವರ ಕತೆಯಲ್ಲಿ ಈ ಭಾಗ ಇಲ್ಲ. ಇದು ಕಿವಿಯ ಕೆಲಸವಲ್ಲ, ಕೂರುವ ಕೆಲಸ.

ಏಳನೇ ದಿನ ನನ್ನನ್ನು ಕರೆದು ಅಂದ: "ನಲ್ಲಿ ಬಂದ ದಿನ ಫೋನು ಸಾಯ್ತೈತಿ."

ನಮ್ಮಲ್ಲಿ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ನಾನು ನಕ್ಕೆ. ಒಂದರ ಬೆನ್ನಿಗೆ ಇನ್ನೊಂದು ಬಂದ ಮಾತ್ರಕ್ಕೆ ಅದು ಇದಕ್ಕೆ ಕಾರಣವಾಗುವುದಿಲ್ಲ, ಇದು ಡಿಬೇಟಿನಲ್ಲಿ ಕಲಿಸುವ ಮೊದಲನೇ ಪಾಠ ಅಂತ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಆತು. ಹಂಗಾರ ನೀ ಹೇಳು, ಯಾಕ?"

ಹೇಳಲೇಬೇಕಾಯಿತು. ಯೋಚಿಸಿದೆ, ಸಿಕ್ಕಿತು. ನಲ್ಲಿ ಬಂದ ದಿನ ಓಣಿಯ ಎಲ್ಲ ಮನೆಯವರೂ ಒಟ್ಟಿಗೆ ಮೋಟಾರ್ ಹಾಕಿ ನೀರು ಎಳೆಯುತ್ತಾರೆ. ಕರೆಂಟು ಕುಗ್ಗುತ್ತದೆ, ಬಲ್ಬು ಮಂಕಾಗುತ್ತದೆ. ಮೋಡೆಮಿಗೆ ಸಾಲದಾಗುತ್ತದೆ. ಹೀಗೆ ಹೇಳುವಾಗ ನನಗೇ ಖುಷಿಯಾಯಿತು, ಎಲ್ಲ ಜೋಡಿಸಿದ ಹಾಗೆ ಕೂತಿತ್ತು. ಅಪ್ಪನೂ ಒಪ್ಪಿ, ವೋಲ್ಟೇಜ್ ಸರಿಮಾಡುವ ಪೆಟ್ಟಿಗೆ ತರಲು ಹೊರಟರು.

"ತಡಿ" ಅಂದ ದೊಡ್ಡಪ್ಪ. "ಮೋಟಾರ್ ಒಂದು ತಾಸು ಓಡ್ತಾವ. ಫೋನು ಮಧ್ಯಾಹ್ನದ ತನಕ ಸತ್ತಿರ್ತೈತಿ. ಉಳದ ನಾಕು ತಾಸು ಏನ್ ಮಾಡಾಕತ್ತಿರ್ತೈತಿ ನಿನ್ನ ಮೋಡೆಮ್ಮು?"

ಮೋಡೆಮ್ ಮತ್ತೆ ಎದ್ದೇಳಲು ಸಮಯ ಬೇಕು ಅಂತ ಏನೋ ಹೇಳಿದೆ. ಅದು ಉತ್ತರವಲ್ಲ ಅಂತ ಹೇಳುವಾಗಲೇ ಗೊತ್ತಿತ್ತು.

ಒಂಬತ್ತನೇ ದಿನ ಬೆಳಗ್ಗೆ ನಲ್ಲಿ ಬಂತು. ಓಣಿ ತುಂಬ ಮೋಟಾರು. ಅಜ್ಜಿ ಒಗೆದು, ಹಿಂಡಿ, ಕರೀ ತಂತಿಯ ಮೇಲೆ ಕಂಬದ ಕಡೆಯಿಂದ ಸಾಲಾಗಿ ಹರವಿದಳು: ಅವಳ ಎರಡು ಸೀರೆ, ಅಮ್ಮನದೊಂದು, ನನ್ನ ಚೂಡಿದಾರ, ಬಾಗಿಲ ಹತ್ತಿರ ಕೊನೆಗೆ ಅಪ್ಪನ ಪಂಚೆ. ದೊಡ್ಡಪ್ಪ ರಿಸೀವರ್ ಎತ್ತುವ ಮುಂಚೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಮೊಬೈಲಿನಿಂದ ಮಾಡು ಅಂದ. ಎಂಗೇಜ್.

"ಅವ್ವಾ, ಒಂದೊಂದ ಬಟ್ಟಿ ತಗಿ. ಕಂಬದ ಕಡೆಯಿಂದ."

"ಹುಚ್ಚು ಗಿಚ್ಚು ಹಿಡಿತೇನು? ಈಗಿನ್ನ ಹಾಕೀನಿ. ನೀರು ಸೋರಾಕತ್ತಾವ, ತಗದು ಎಲ್ಲಿ ಇಡ್ಲಿ?"

"ನಿನ್ನ ಮೊಮ್ಮಗಳ ಹೆಗಲ ಮ್ಯಾಲ."

ಇಟ್ಟಳು. ಒಂದು ಸೀರೆ. "ಗುರ್ ಅಂತೈತಿ" ಅಂದ ಒಳಗಿನಿಂದ, ರಿಸೀವರ್ ಕಿವಿಗೆ ಹಚ್ಚಿಕೊಂಡು. ಎರಡನೇ ಸೀರೆ. "ಅಂತೈತಿ." ಅಮ್ಮನದು, ನನ್ನದು. ಬೆನ್ನಲ್ಲಿ ನೀರು ಇಳಿದು ಕಾಲಿನ ತನಕ ಬಂದಿತ್ತು. ಓಣಿಯವರು ಕೊಡ ಹಿಡಿದು ನಿಂತು ನೋಡತೊಡಗಿದ್ದರು. ಆಮೇಲೆ ಬಾಗಿಲ ಹತ್ತಿರದ ಅಪ್ಪನ ಪಂಚೆ ತೆಗೆದಳು.

"ಸಣ್ಣಗಾತು" ಅಂತ ಒಳಗಿನಿಂದ ಕೂಗಿದ. ಆಮೇಲೆ, "ತಂತಿ ಒರಸು" ಅಂದ. ಅಜ್ಜಿ ಸೆರಗಿನಿಂದ ತಂತಿಯನ್ನು ಒರೆಸಿದಳು.

"ನಿಂತೋತು. ಬಾ, ಕೇಳು."

ಒದ್ದೆ ಬಟ್ಟೆಯ ಮೂಟೆ ಸಮೇತ ಒಳಗೆ ಹೋಗಿ ಕೇಳಿದೆ. ಗುರ್ ಇಲ್ಲ. ಶುದ್ಧ ಡಯಲ್ ಟೋನ್. ಹೊರಗೆ ಮೋಟಾರುಗಳು ಒಂದೂ ನಿಂತಿರಲಿಲ್ಲ, ಕೂಗುತ್ತಲೇ ಇದ್ದವು. ನನ್ನ ಎರಡು ದಿನದ ವಾದ ಅಲ್ಲೇ ಮುಗಿಯಿತು. ಆದರೂ ಸುಮ್ಮನಿರಲಿಲ್ಲ ನಾನು.

"ಒಂದ್ಸಲ ಆದದ್ದು ಸಾಕ್ಷಿ ಅಲ್ಲ ದೊಡ್ಡಪ್ಪಾ. ಪಂಚೆ ಮತ್ತ ಹಾಕಬೇಕು."

"ನಾನೂ ಅದ ಅಂತಿದ್ದೆ. ಹಾಕು."

ಹಾಕಿದೆವು, ಗುರ್ ಬಂತು. ತೆಗೆದು ಒರೆಸಿದೆವು, ಹೋಯಿತು. ಪಂಚೆ ಬಿಟ್ಟು ಉಳಿದ ನಾಲ್ಕನ್ನೂ ಹಾಕಿದೆವು, ಬರಲಿಲ್ಲ. ಮತ್ತೆ ಪಂಚೆ, ಮತ್ತೆ ಗುರ್. ಇದನ್ನು ಪವಾಡ ಅನ್ನುವವರು ಆ ಬೆಳಗ್ಗೆ ನನ್ನ ಹೆಗಲಿನ ಭಾರ ಹೊತ್ತು ನೋಡಬೇಕಿತ್ತು. ಕರ್ನೂಲಿನಲ್ಲೂ ಬಳ್ಳಾರಿಯಲ್ಲೂ ವೇದಿಕೆ ಹತ್ತಿದ್ದೇನೆ, ಇಷ್ಟು ನೇರವಾಗಿ, ಇಷ್ಟು ತಾಳ್ಮೆಯಿಂದ ಒಂದು ಮಾತನ್ನು ಸಾಬೀತು ಮಾಡಿದವರನ್ನು ನೋಡಿಲ್ಲ. ಸೋತದ್ದಕ್ಕೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಕಾರಣ ಸರಳ. ಬಾಗಿಲ ಮೇಲಿನ ಕೊಕ್ಕೆಯ ಹತ್ತಿರ ತಂತಿಯ ಕರೀ ತೊಗಟೆ ಬಿಸಿಲಿಗೆ ಸೀಳಿ, ಒಳಗಿನ ಎರಡೂ ಎಳೆ ಬರಿಮೈಯಾಗಿದ್ದವು. ಕಂಬದ ಕಡೆ ಸತ್ತಿದ್ದರೂ ಈ ತುದಿ ನಮ್ಮ ಮನೆಯ ತಂತಿಗೆ ಇನ್ನೂ ಅಂಟಿಕೊಂಡೇ ಇತ್ತು. ಒದ್ದೆ ಪಂಚೆ ಎರಡು ಎಳೆಗಳನ್ನೂ ಒಟ್ಟಿಗೆ ತಬ್ಬಿಕೊಂಡರೆ, ಯಾರೋ ರಿಸೀವರ್ ಎತ್ತಿ ಹಿಡಿದಿದ್ದಾರೆ ಅಂತ ಅಡಾಪ್ಟರ್ ತಿಳಿಯುತ್ತಿತ್ತು. ಪಂಚೆ ಒಣಗುವ ತನಕ ನಮ್ಮ ಫೋನು ಎಂಗೇಜ್. ಹೊರಗಿನ ಲೈನನ್ನು ಮೊದಲು ಬಿಚ್ಚಿ ಅಂತ ಕಾಗದದ ಮೊದಲ ಸಾಲು ಹೇಳಿದ್ದು ಸುಮ್ಮನೆ ಅಲ್ಲ.

"ಸ್ಟೂಲ್ ಹಿಡಿ" ಅಂದ ದೊಡ್ಡಪ್ಪ. ಹತ್ತಿದ. ಡಬ್ಬಿಯ ಮುಚ್ಚಳ ತೆಗೆದು ಬೆರಳಲ್ಲಿ ತಡವಿ ಎರಡು ತಿರುಪು ಸಡಿಲಿಸಿ ಕಂಬದ ಕಡೆಯ ಎಳೆಗಳನ್ನು ಹೊರಗೆ ಎಳೆದ, ತುದಿಗಳಿಗೆ ಟೇಪು ಸುತ್ತಿದ. ಎರಡು ನಿಮಿಷವೂ ಆಗಲಿಲ್ಲ. ತಂತಿಯನ್ನು ಪೂರ್ತಿ ಕಿತ್ತುಬಿಡೋಣ ಅಂದರು ಅಪ್ಪ. ಅಜ್ಜಿ ಅಂಗಳದ ನಡುವೆ ಬಂದು ನಿಂತಳು.

"ಫೋನು ಅವನಿಗೆ, ತಂತಿ ನನಗ" ಅಂದಳು. ಅದು ಹಾಗೇ ತೀರ್ಮಾನವಾಯಿತು. ಈಗ ಐದು ಬಟ್ಟೆ ಅಲ್ಲ, ಹತ್ತು ಹಾಕುತ್ತಾಳೆ.

ಅವತ್ತು ನಲ್ಲಿ ನೀರು ಇನ್ನೂ ಬರುತ್ತಿದ್ದಾಗಲೇ ಮದ್ದಿಕೇರದಿಂದ ಒಂದು ಫೋನು ಬಂತು. ಯಾರೋ ಕುರಿ ಸಾಕುವವರು, ಜಾನುವಾರು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬಂದಿದೆಯಾ ಅಂತ ಕೇಳಿದರು. ದೊಡ್ಡಪ್ಪ ಇಟ್ಟುಬಿಡು ಅಂದ, ತಾನು ತಿರುಗಿಸಿದ, ಇನ್ನೂ ಬಂದಿರಲಿಲ್ಲ. ಅವರು ಮತ್ತೆ ಮಾಡಿದಾಗ "ಬರಬ್ಯಾಡ, ಸೋಮವಾರ ಬಾ" ಅಂದ. ಆಮೇಲೆ ಚಿಪ್ಪಗಿರಿಯ ಆ ಹೆಂಗಸಿನ ಊರಿನ ಒಂದು ಅಂಗಡಿಗೆ ತಾನೇ ಮಾಡಿದ, ಕಣ್ಣಿನ ಡಾಕ್ಟರು ಯಾವ ದಿನ ಖಂಡಿತ ಇರುತ್ತಾರೆ ಅಂತ ವಿಚಾರಿಸಿಟ್ಟಿದ್ದನ್ನು ಆಕೆಗೆ ಮುಟ್ಟಿಸಲು ಹೇಳಿದ. ಮರುವಾರ ಆಕೆ ಅತ್ತೆಯನ್ನು ಡಾಕ್ಟರಿಗೆ ತೋರಿಸಿಕೊಂಡು, ಹೋಗುವಾಗ ಬಾಗಿಲಲ್ಲಿ ನಿಂತು, "ಈ ಸಲ ಎಂಗೇಜ್ ಇರ್ಲಿಲ್ಲ. ಹುಡುಗಿ ಕೈ ಕೊಟ್ಟಳೇನು?" ಅಂದಳು.

ಈಗ ಏಳರಿಂದ ಹತ್ತರ ತನಕ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ನಾನೂ ಸಹ. ಅಡಾಪ್ಟರ್ ನನ್ನ ಎರಡು ಕಪ್ಪುಗಳ ನಡುವೆ ಹಸಿರು ದೀಪ ಹಚ್ಚಿಕೊಂಡು ಕೂತಿರುತ್ತದೆ. ಮನೆಗೆ ಬಂದವರು ಯಾವ ಕಪ್ಪು ಯಾವುದಕ್ಕೆ ಅಂತ ಕೇಳಿದರೆ ನಾನು ಮೊದಲು ಅಡಾಪ್ಟರಿನ ಕತೆ ಹೇಳುತ್ತೇನೆ.

ಆದರೆ ಒಂದು ಮಾತು ಬಗೆಹರಿದಿಲ್ಲ. ಹೋದ ವಾರ ಬೆಳಗ್ಗೆ, ಎರಡು ಫೋನುಗಳ ನಡುವಿನ ಬಿಡುವಿನಲ್ಲಿ, ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕೇಳಿದೆ. ಅವನ ಕೈ ರಿಸೀವರಿನ ಮೇಲಿತ್ತು, ಮುಖ ಬಾಗಿಲ ಕಡೆಗಿತ್ತು.

"ದೊಡ್ಡಪ್ಪಾ, ಆ ಡಬ್ಬಿ ಹಚ್ಚಿದಾವ ನೀನು, ಅದರ ತಿರುಪು ಎಲ್ಲೆಲ್ಲಿ ಅದಾವ ಅಂತ ನಿನ್ನ ಬೆರಳಿಗೆ ಗೊತ್ತು. ನಾನು ಕಾಗದ ಓದಿ, ಸತ್ತ ತಂತಿ, ಬಿಚ್ಚೋದ್ಯಾಕ ಅಂದಾಗ ನೀನು ಇಲ್ಲೇ, ಇದೇ ಕುರ್ಚ್ಯಾಗ ಕುಂತಿದ್ದಿ. ಯಾಕ ಒಂದು ಮಾತೂ ಆಡಲಿಲ್ಲ?"